ನಿಡಗುಂದಿ ಮೇಲೆ ಹೋದರೆ ಹತ್ತಿರ

ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಊಟದ ಹೊತ್ತಿಗೆ ಕೇಳಿದಳು. "ಅಕ್ಕಾರ, ನಿಮ್ಮವರು ನಿಮಗ ಹೆಂಗ ಪ್ರಪೋಸ್ ಮಾಡಿದ್ರು?"

ಅವಳ ಮೊಬೈಲಿನಲ್ಲಿ ಒಂದು ವಿಡಿಯೋ ಓಡುತ್ತಿತ್ತು. ಸಮುದ್ರದ ದಂಡೆ, ದೀಪದ ಸರ, ಮೊಣಕಾಲೂರಿ ಕೂತ ಹುಡುಗ, ಕೈಯಲ್ಲಿ ಉಂಗುರ. ನಾನು ಬಾಯಲ್ಲಿದ್ದ ರೊಟ್ಟಿ ಅಗಿದು ಮುಗಿಸುವವರೆಗೂ ಯೋಚನೆ ಮಾಡಿದೆ. "ಇಲ್ಲವ್ವಾ, ಮಾಡಲಿಲ್ಲ" ಅಂದೆ. ಅದು ಅರ್ಧ ಸುಳ್ಳು. ಉಳಿದ ಅರ್ಧ ಹೇಳೋಕೆ ಊಟದ ಹೊತ್ತು ಸಾಲುತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಪದದ ಮಾತು. ನಮ್ಮ ಕಡೆ ಕನ್ಯಾ ನೋಡುತ್ತಾರೆ. ಗಂಡು ಗೊತ್ತು ಮಾಡುತ್ತಾರೆ. ಮಾತುಕತೆಗೆ ಕೂರುತ್ತಾರೆ. ಕೊಡೋದು ತರೋದು ಮಾಡುತ್ತಾರೆ. ಎಲ್ಲವನ್ನೂ ಮಾಡೋರು ದೊಡ್ಡವರೇ. ಹುಡುಗ ನೆಟ್ಟಗೆ ಹುಡುಗಿಯ ಮುಂದೆ ನಿಂತು ಕೇಳುವ ಕೆಲಸಕ್ಕೆ ನಮ್ಮಲ್ಲಿ ಒಂದು ಹೆಸರೇ ಇಲ್ಲ. ಅದಕ್ಕೇ ಪ್ರಪೋಸ್ ಅನ್ನೋದನ್ನ ಹೊರಗಿನಿಂದ ತಂದುಕೊಂಡಿದ್ದೇವೆ. ಹೋಗಲಿ, ವಾಕ್ಯವಾದರೂ ಇದೆಯಾ? "ನನ್ನ ಮದುವಿ ಆಗ್ತೀರೇನ್ರಿ?" ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. "ಸಕ್ಕರಿ ಐತೇನ್ರಿ?" ಅಂತ ಕಿರಾಣಿ ಅಂಗಡಿಯಲ್ಲಿ ಕೇಳಿದ ಹಾಗಿರುತ್ತದೆ.

ಇವರು ಈ ವಾಕ್ಯಕ್ಕಾಗಿ ಒಂದೂವರೆ ವರ್ಷ ಹುಡುಕಾಡಿದರು. (ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಬರಹದುದ್ದಕ್ಕೂ "ಇವರು". ಮನೆಯಲ್ಲಿ ನಾನು "ನೀ" ಅಂತಲೇ ಕರೆಯೋದು. ಆಯಿಯ, ಅಂದರೆ ನಮ್ಮಜ್ಜಿಯ, ಮುಂದೆ ಮಾತ್ರ "ರೀ".)

2017ರ ಜುಲೈ. ನಾನು ವಿಜಯಪುರದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ವಾರವೆಲ್ಲ ಪಿ.ಜಿ. ರೂಮು, ಶನಿವಾರ ಸಂಜೆ ಬಾಗಲಕೋಟೆ ಬಸ್ಸು. ಕೊಲ್ಹಾರದಲ್ಲಿ ಬಸ್ ನಿಂತಾಗ ಕಿಟಕಿಯಿಂದಲೇ ಒಂದು ಗಡಿಗೆ ಮೊಸರು ತೆಗೆದುಕೊಂಡೆ. ಕೊಲ್ಹಾರ ಮೊಸರು ಅಂದರೆ ಗೊತ್ತಲ್ಲ, ಗಡಿಗೆ ಬೋರಲು ಹಾಕಿದರೂ ಬೀಳಲ್ಲ ಅಂತ ಮಾರೋರು ಹೇಳ್ತಾರೆ. ನಾನು ಬೋರಲು ಹಾಕಿ ನೋಡಿಲ್ಲ. ಆದರೆ ಆ ದಿನ ಕೃಷ್ಣಾ ಸೇತುವೆ ದಾಟುವಾಗ ಬಸ್ ಒಂದು ಗುಂಡಿಗೆ ಬಿತ್ತು. ಗಡಿಗೆ ನನ್ನ ತೊಡೆಯಿಂದ ಹಾರಿ ಮುಂದಿನ ಸೀಟಿನ ಕೆಳಗೆ ಹೋಯಿತು. ಒಡೆಯಲಿಲ್ಲ, ಚೆಲ್ಲಲೂ ಇಲ್ಲ. ಮುಂದಿನ ಸೀಟಿನಲ್ಲಿದ್ದವರು ಬಗ್ಗಿ ಎತ್ತಿಕೊಟ್ಟರು. "ಮಣ್ಣು ನೀರು ಕುಡೀತೈತ್ರಿ, ಅದಕ್ಕ ಮೊಸರು ಇಷ್ಟು ಗಟ್ಟಿ" ಅಂದರು. ಮಣ್ಣಿನ ಸಣ್ಣ ಸಣ್ಣ ತೂತಿನಿಂದ ನೀರು ಹೊರಗೆ ಬಂದು ಆರುತ್ತದೆ, ಆರುವಾಗ ಗಡಿಗೆ ತಣ್ಣಗಾಗುತ್ತದೆ ಅಂತ ಗದ್ದನಕೇರಿ ಕ್ರಾಸಿನವರೆಗೂ ಪಾಠ ಮಾಡಿದರು. ಪಿಯು ಕಾಲೇಜಿನ ಫಿಜಿಕ್ಸ್ ಲೆಕ್ಚರರ್ ಅಂತ ಕೇಳದೇ ಗೊತ್ತಾಯಿತು. ಊರು ಇಳಕಲ್. ಮನೆಯಲ್ಲಿ ಕೈಮಗ್ಗ, ತಂದೆ ತಾಯಿ ಇಬ್ಬರೂ ನೇಕಾರರು.

ಮುಂದಿನ ಶನಿವಾರ ಅದೇ ಬಸ್ಸಿನಲ್ಲಿ ಇವರು. ಅದರ ಮುಂದಿನ ಶನಿವಾರವೂ.

ನವೆಂಬರ್ ಒಂದಕ್ಕೆ ಆಫೀಸಿನಲ್ಲಿ ಎಲ್ಲರೂ ಇಳಕಲ್ ಸೀರೆ ಉಡಬೇಕು ಅಂತ ಆಯಿತು. ನಾನೂ ಒಂದು ಅಂಗಡಿಯಲ್ಲಿ ಅಸಲಿ ಅಂತ ಕೊಂಡಿದ್ದೆ. ಆ ವಾರ ಊರಿಗೆ ಹೋಗುವಾಗ ಅದನ್ನೇ ಉಟ್ಟು ಬಸ್ ಹತ್ತಿದೆ. ಇವರು ಸೆರಗಿನ ಕಡೆ ಒಂದು ಸಲ ನೋಡಿ, ಒಂದೇ ಮಾತು. "ಇದರೊಳಗ ಕೊಂಡಿ ಇಲ್ರಿ."

ಹೊಸ ಸೀರೆ ಉಟ್ಟ ಹುಡುಗಿಗೆ ಹೇಳೋ ಮಾತಾ ಇದು? ಮುಳವಾಡದವರೆಗೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ಕುತೂಹಲ ತಡೆಯಲಾರದೆ ಕೊಂಡಿ ಅಂದರೇನು ಅಂತ ಕೇಳಿದೆ. ಆಗ ಮನುಷ್ಯನ ಮುಖವೇ ಬದಲಾಯಿತು. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಕಟ್ಟುವ ಎಳೆಗಳು. ಇಳಕಲ್ ಸೀರೆಯ ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಮೈ ಹತ್ತಿಯದು, ಸೆರಗು ರೇಷ್ಮೆಯದು. ಈ ಹಾಸಿನ ಒಂದೊಂದು ಎಳೆಯನ್ನೂ ಆ ಹಾಸಿನ ಒಂದೊಂದು ಎಳೆಯ ಕುಣಿಕೆಗೆ ಸಿಗಿಸಬೇಕು. ಸಾವಿರಾರು ಎಳೆ. ಅದೇ ಕೊಂಡಿ. ಹಾಗಾಗಿ ಒಂದು ಸೀರೆಗೆ ಒಂದು ಹಾಸು. ಉದ್ದಕ್ಕೆ ಹಾಸು ಹಾಕಿಕೊಂಡು ಹತ್ತು ಸೀರೆ ನೇಯ್ದು ಕತ್ತರಿಸೋ ಲೆಕ್ಕ ಇಲ್ಲಿ ನಡೆಯಲ್ಲ. ಸೆರಗಿನ ತೆನೆ ಹೇಗೆ ಬರುತ್ತದೆ, ಚಿಕ್ಕಿ ಪರಾಸು ಅಂಚು ಯಾವುದು, ಗೋಮಿ ಯಾವುದು, ಎಲ್ಲ ಬಂತು. ಕೊನೆಗೆ ಬಣ್ಣಗಳು. "ಗಿರಿ ಕುಂಕುಮ ಅಂತ ಒಂದು ಐತ್ರಿ. ಅದನ್ನ ಮದುಮಗಳ ಸೀರಿಗೆ ಹಾಕೋದು. ನಮ್ಮವ್ವ ಆ ಬಣ್ಣದ ಹಾಸು ಹಾಕೋ ದಿನ ಮನಿಯೊಳಗ ಯಾರಿಗೂ ಬೈಯಂಗಿಲ್ಲ."

ಆ ಮಾತನ್ನು ನಾನು ನೆನಪಿಟ್ಟುಕೊಂಡೆ ಅಂತ ಇವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ.

ಜನವರಿಯಲ್ಲಿ ಗುಟ್ಟು ರಟ್ಟಾಯಿತು. ಹಳೇ ಕಂಡಕ್ಟರ್ ಒಬ್ಬರು ಟಿಕೆಟ್ ಹರಿಯುತ್ತಾ ಸಹಜವಾಗಿ ಕೇಳಿದರು. "ಅಲ್ರೀ ಸರ, ನೀವು ಇಳಕಲ್ಲಿನವರು. ನಿಡಗುಂದಿ ಮ್ಯಾಲೆ ಹೋದ್ರ ಹತ್ರ ಅಲ್ರೀ? ವಾರಾ ವಾರಾ ಬಾಗಲಕೋಟಿ ಯಾಕ ಸುತ್ತಾಕತ್ತೀರಿ?"

ಈ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ವಿಜಯಪುರದಿಂದ ಇಳಕಲ್ಲಿಗೆ ನೆಟ್ಟಗೆ ಹೆದ್ದಾರಿ ಇದೆ. ನಿಡಗುಂದಿ, ಹುನಗುಂದ, ಇಳಕಲ್. ಬಾಗಲಕೋಟೆ ಆ ದಾರಿಯಲ್ಲಿ ಇಲ್ಲವೇ ಇಲ್ಲ. ಇವರು ಬಾಗಲಕೋಟೆಗೆ ಬಂದು, ಅಲ್ಲಿ ಬಸ್ ಬದಲಿಸಿ, ಕಮತಗಿ, ಅಮೀನಗಡ, ಹುನಗುಂದ ಅಂತ ಇನ್ನೊಂದು ಸುತ್ತು ಹಾಕಿ ಮನೆ ಸೇರುತ್ತಿದ್ದರು. ಜುಲೈಯಲ್ಲಿ ಮೊದಲ ಸಲ ಬಂದದ್ದು ಬಾಗಲಕೋಟೆಯಲ್ಲಿ ಏನೋ ಕೆಲಸ ಇತ್ತು ಅಂತ. ಆಮೇಲಿನ ಆರು ತಿಂಗಳು ಯಾವ ಕೆಲಸವೂ ಇರಲಿಲ್ಲ.

ಇವರ ಕಿವಿ ಕೆಂಪಾದದ್ದು ನೋಡಿದೆ. ನಾನು ಕಿಟಕಿಯಾಚೆ ಜೋಳದ ಹೊಲ ನೋಡುತ್ತಾ ಕೂತೆ. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಆದರೆ ಮೂರು ವಾರ ಬಿಟ್ಟು ನಾನು ಒಂದು ಕೆಲಸ ಮಾಡಿದೆ. ಶನಿವಾರ ಸ್ಟ್ಯಾಂಡಿನಲ್ಲಿ ಇವರು ಬಾಗಲಕೋಟೆ ಬಸ್ಸಿನ ಹತ್ತಿರ ನನಗಾಗಿ ಕಾಯುತ್ತಿದ್ದರು. ನಾನು ಹೋಗಿ ಇಳಕಲ್ ಬಸ್ ಹತ್ತಿ, ಕಿಟಕಿಯಿಂದ ಕೈ ಬೀಸಿದೆ. "ಬರ್ರೀ ಸರ, ಈ ಸಲ ಸುತ್ತೋದು ನಂದು."

ಇವರ ಎಲ್ಲ ಸರ್‌ಪ್ರೈಸ್‌ಗಳಿಗಿಂತ ನನ್ನ ಈ ಒಂದೇ ಚೆನ್ನಾಗಿತ್ತು ಅಂತ ನನ್ನ ಅಭಿಪ್ರಾಯ. ಹುನಗುಂದದಲ್ಲಿ ಇಳಿದು, ಅಲ್ಲಿಂದ ಬಾಗಲಕೋಟೆ ಬಸ್ ಹಿಡಿದೆ. ಅಮೀನಗಡದಲ್ಲಿ ಕರದಂಟು ಕಂಡಿತು, ಬಾಯಿ ತಡೆಯಲಿಲ್ಲ, ಅರ್ಧ ಕೆಜಿ ತೆಗೆದುಕೊಂಡೆ. ಅದೇ ತಪ್ಪಾಯಿತು. ಮನೆಯಲ್ಲಿ ಅವ್ವ, ಅಪ್ಪ, ತಮ್ಮ ಎಲ್ಲರೂ ಸುಮ್ನೆ ತಿಂದರು. ಆಯಿ ಮಾತ್ರ ಒಂದು ತುಂಡು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ಎಲ್ಲರೂ ಎದ್ದುಹೋದ ಮೇಲೆ ಕೇಳಿದಳು.

"ಅಮೀನಗಡ ಯಾವಾಗಿಂದ ಬಿಜಾಪುರ ದಾರ್ಯಾಗ ಬಂತ ಯವ್ವಾ?"

ಆಯಿ ಅಂದರೆ ನಮ್ಮಪ್ಪನ ತಾಯಿ. ಓದು ಬಾರದು. ಆದರೆ ಸುತ್ತಲಿನ ನಾಲ್ಕು ಜಿಲ್ಲೆಯ ಬಸ್ ದಾರಿ ತಲೆಯೊಳಗಿದೆ. ಅವಳಿಗೆ ಎಲ್ಲ ಹೇಳಿಬಿಟ್ಟೆ. "ಮನಿಗೆ ಕರಕೊಂಡು ಬಾ. ಏನರ ಒಂದು ನೆವ ಹೇಳು" ಅಂದಳು.

ನೆವ ಸಿಕ್ಕಿತು. ತಮ್ಮ ಪಿಯುಸಿ ಎರಡನೇ ವರ್ಷ, ಸಿಇಟಿ ಬರೆಯೋನು, ಫಿಜಿಕ್ಸ್ ಅಂದರೆ ಜ್ವರ. 2018ರ ಜೂನ್‌ನಿಂದ ಇವರು ಭಾನುವಾರ ಭಾನುವಾರ ನವನಗರದ ನಮ್ಮ ಮನೆಗೆ ಪಾಠಕ್ಕೆ ಬರತೊಡಗಿದರು. ಪಾಠ ಒಂದೂವರೆ ತಾಸು. ಆಮೇಲೆ ಚಹಾ, ಚುರುಮುರಿ, ಆಯಿಯ ಜೊತೆ ಮಾತು. ನಾನು ಅಡುಗೆಮನೆಯಲ್ಲಿ. ಆಯಿ ಏನು ಹೇಳುತ್ತಾಳೆ ಅಂತ ನನಗೆ ಬಾಯಿಪಾಠ ಇತ್ತು, ಅದಕ್ಕೇ ಕಿವಿಗೊಡಲಿಲ್ಲ.

ಆಯಿಗೆ ಇರೋದು ಒಂದೇ ವಿಷಯ. ಹಳೇ ಬಾಗಲಕೋಟೆಯ ಮನೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭಾದಲ್ಲಿ ಹಿಂದಕ್ಕೆ ಏರಿ ಬಂದು ಹಳೇ ಊರಿನ ಎಷ್ಟೋ ಓಣಿಗಳನ್ನು ನುಂಗಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಅದು. ನೀರು ನಿಲ್ಲೋ ಹೊತ್ತಿಗೆ ನಾನು ಆರು ವರ್ಷದವಳು. ಎಲ್ಲರಿಗೂ ನವನಗರದಲ್ಲಿ ಸೆಕ್ಟರ್ ನಂಬರು, ಪ್ಲಾಟ್ ನಂಬರು ಬಂತು. ನಮ್ಮ ವಿಳಾಸದಲ್ಲಿದ್ದ ಓಣಿಯ ಹೆಸರು ಹೋಗಿ ಅಂಕಿ ಬಂತು. ಒಮ್ಮೆ ಬಸ್ಸಿನಲ್ಲಿ ಇವರಿಗೆ ಹೇಳಿದ್ದೆ, ಹಳೇ ಮನೆ ಅಂದರೆ ನನಗೆ ಹಿಟ್ಟಿನ ಗಿರಣಿಯ ಸಪ್ಪಳ ಬಿಟ್ಟು ಏನೂ ನೆನಪಿಲ್ಲ, ಅದಕ್ಕೆ ಆಯಿಯ ಮೇಲೆ ಹೊಟ್ಟೆಕಿಚ್ಚು ಅಂತ. ಹೇಳಿ ಮರೆತಿದ್ದೆ.

ಸೆಪ್ಟೆಂಬರಿನ ಒಂದು ಭಾನುವಾರ, ಇವರು ಹೋದ ಮೇಲೆ, ಆಯಿ ನನ್ನನ್ನು ಕರೆದಳು. "ಕೊಡಾ ತುಂಬ್ಕೊಂಡು ಮಾಳಗಿ ಮ್ಯಾಗ ಬಾ."

"ಯಾಕಾಯಿ? ನಳಾ ಐತಲ್ಲ?"

"ಬಾ ಅಂದ್ರ ಬಾ."

ಮಾಳಿಗೆಯ ಮೇಲೆ ತಮ್ಮ ಸೀಮೆಸುಣ್ಣ ಹಿಡಿದು ನಿಂತಿದ್ದ. ಫಿಜಿಕ್ಸ್ ಪ್ರಾಕ್ಟಿಕಲ್ ಅಂತೆ. ನಾನು ತುಂಬಿದ ತಾಮ್ರದ ಕೊಡ ಸೊಂಟಕ್ಕಿಟ್ಟುಕೊಂಡು ಈ ಕಡೆಯಿಂದ ಆ ಕಡೆಗೆ ಹತ್ತು ಹೆಜ್ಜೆ ನಡೆಯಬೇಕು. ಅವನು ಹಿಮ್ಮಡಿ ಹಿಮ್ಮಡಿಗೆ ಗೆರೆ ಎಳೆಯುತ್ತಾನೆ. ಆಮೇಲೆ ನೀರು ಚೆಲ್ಲಿ, ಖಾಲಿ ಕೊಡ ಹಿಡಿದು ಮತ್ತೆ ಹತ್ತು ಹೆಜ್ಜೆ. ಆಯಿ ಕಟ್ಟೆಯ ಮೇಲೆ ಕೂತು ಆರ್ಡರ್ ಕೊಡುತ್ತಿದ್ದಳು. "ಅಷ್ಟು ಜೋರ ನಡೀಬ್ಯಾಡ. ತುಂಬಿದ ಕೊಡಾ ಇದ್ದಾಗ ಯಾರ ಹಂಗ ನಡೀತಾರ? ಹೂಂ, ಹಿಂಗ." ಲಂಗ ಎಲ್ಲ ಒದ್ದೆ. ಪಕ್ಕದ ಮನೆಯವರು ಮಾಳಿಗೆಗೆ ಬಂದು ನೋಡಿದರು. ಮನೆ ಮಂದಿಗೆಲ್ಲ ತಲೆ ಕೆಟ್ಟಿದೆ ಅಂದುಕೊಂಡು ನಾನು ಕೆಳಗಿಳಿದೆ.

ಅಕ್ಟೋಬರಿನಲ್ಲಿ ದಸರೆ ಬಂತು. ವಿಜಯದಶಮಿಯ ದಿನ ನಮ್ಮ ಕಡೆ ಯಾರು ಯಾರ ಮನೆಗೆ ಬೇಕಾದರೂ ಹೋಗಬಹುದು, ಕೈಯಲ್ಲಿ ನಾಲ್ಕು ಬನ್ನಿ ಎಲೆ ಇದ್ದರಾಯಿತು. ಇವರು ಸಂಜೆ ಬಂದರು. ಅಪ್ಪ ಅವ್ವನಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದರು. ನನ್ನ ಕೈಗೂ ಬನ್ನಿ ಕೊಟ್ಟು "ಬಂಗಾರದಾಂಗ ಇರೂಣ್ರಿ" ಅಂದರು. ಜೊತೆಗೆ ಒಂದು ಸುರುಳಿ ಸುತ್ತಿದ ಕಾಗದ.

ಬಿಚ್ಚಿದರೆ ನಕ್ಷೆ. ನಾಲ್ಕು ಗ್ರಾಫ್ ಹಾಳೆ ಅಂಟಿಸಿ ಮಾಡಿದ್ದು. ನಮ್ಮ ಹಳೇ ಓಣಿ.

ಎಡಗಡೆ ಏಳು ಮನೆ, ಬಲಗಡೆ ಆರು. ಮನೆಗಳಿಗೆ ನಂಬರಿಲ್ಲ. ಆಯಿ ಕರೆಯುತ್ತಿದ್ದ ಹಾಗೆಯೇ ಬರೆದಿದ್ದರು. ಎಮ್ಮಿ ಮನಿ. ಜಗಳಗಂಟಿ ಮನಿ. ಎರಡು ಬಾಗಲದ ಮನಿ. ಬೇವಿನ ಗಿಡ, ಅದರ ನೆರಳು ಮಧ್ಯಾಹ್ನ ಎಲ್ಲಿಯವರೆಗೆ ಬರುತ್ತಿತ್ತು ಅಂತ ಚುಕ್ಕಿ ಗೆರೆ. ಹನುಮಪ್ಪನ ಗುಡಿ. ಹಿಟ್ಟಿನ ಗಿರಣಿ, ಅದರಿಂದ ನಮ್ಮ ಮನೆಯವರೆಗೆ ಅಲೆ ಅಲೆಯಾದ ಸಣ್ಣ ಗೆರೆಗಳು. ಸಪ್ಪಳ ಬರುತ್ತಿದ್ದ ದಾರಿ. ಮನೆಯಿಂದ ಭಾವಿಗೆ ಒಂದು ಬಾಣ, ಅದರ ಮೇಲೆ "ಹೋಗುವಾಗ 16 ಹೆಜ್ಜೆ, ಬರುವಾಗ 22". ಹೋಗುವಾಗ ಕೊಡ ಖಾಲಿ, ಬರುವಾಗ ತುಂಬಿರುತ್ತದೆ ನೋಡಿ. ಅಷ್ಟು ವರ್ಷ ನೀರು ಹೊತ್ತವಳಿಗೆ ಎರಡೂ ಲೆಕ್ಕ ನೆನಪಿತ್ತು. ಕೆಳಗೆ ಮೂಲೆಯಲ್ಲಿ ಅಳತೆ: "1 ಸೆಂ.ಮೀ. = ಆಯಿಯ 4 ಹೆಜ್ಜೆ (ಕೊಡ ತುಂಬಿದಾಗ)".

ಆಗ ಮಾಳಿಗೆಯ ಮೇಲಿನ ಪ್ರಾಕ್ಟಿಕಲ್ ಅರ್ಥವಾಯಿತು. ಆಯಿಗೆ ಈಗ ಮೊಣಕಾಲು ನೋವು, ಅವಳ ಈಗಿನ ಹೆಜ್ಜೆ ಅಳೆದರೆ ಓಣಿ ಚಿಕ್ಕದಾಗುತ್ತಿತ್ತು. "ನನ್ನ ಎತ್ತರ, ನನ್ನ ನಡಿಗಿ ಎಲ್ಲಾ ಈಕಿಗೆ ಬಂದೈತಿ, ಈಕಿನ್ನ ಅಳಿ" ಅಂತ ಹೇಳಿದ್ದು ಅವಳೇ. ನನಗೆ ನೆನಪೇ ಇಲ್ಲದ ಓಣಿಯನ್ನು ನನ್ನ ಹೆಜ್ಜೆಯಿಂದಲೇ ಅಳೆದಿದ್ದರು.

ನಕ್ಷೆಯ ಮೇಲೆ ಅಡ್ಡಲಾಗಿ ಒಂದು ನೀಲಿ ಗೆರೆ. ಪಕ್ಕದಲ್ಲಿ 519.6 ಮೀಟರ್ ಅಂತ ಬರೆದಿತ್ತು. ಆಲಮಟ್ಟಿ ತುಂಬಿದಾಗ ನೀರಿನ ಮಟ್ಟ ಅದು. ನಮ್ಮ ಮನೆ ಗೆರೆಯ ಆ ಕಡೆ.

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಏನ್ರೀ ಸರ, ಮತ್ತ ಪರಿಹಾರ ಕೊಡಾಕತ್ತಾರೇನು?" ಅಂದರು. ಬಾಗಲಕೋಟೆಯಲ್ಲಿ ಯಾರಾದರೂ ನಕ್ಷೆ ಬಿಚ್ಚಿದರೆ ಮೊದಲು ಬರೋ ಮಾತೇ ಅದು. ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ಓದು ಬಾರದವಳು ಬೆರಳಿಟ್ಟು ಮನೆಯಿಂದ ಹೊರಟು, ಭಾವಿಯವರೆಗೆ ಹೋಗಿ, ತಿರುಗಿ ಬಂದು, ಗಿರಣಿಯ ಹತ್ತಿರ ನಿಂತಳು. "ಗಿರಣಿ ಬಾಗಲಾ ಈ ಕಡೆ ಅಲ್ಲೋ ತಮ್ಮಾ. ಆ ಕಡೆ." ಇವರು ಅಲ್ಲೇ ಕೂತು ರಬ್ಬರಿನಿಂದ ಅಳಿಸಿ ತಿದ್ದಿದರು. ನಾನು ಚಹಾ ತರುವ ನೆವ ಮಾಡಿ ಒಳಗೆ ಹೋದೆ. ಬೇಗ ಹೊರಗೆ ಬರಲಿಲ್ಲ.

ಇಷ್ಟಾದ ಮೇಲೆ ಕೇಳಿಬಿಡಬೇಕಿತ್ತು ಅಲ್ವಾ? ಬನ್ನಿ ಕೈಯಲ್ಲಿದೆ, ನಕ್ಷೆ ಇದೆ, ಆಯಿ ಪಕ್ಷದಲ್ಲಿದ್ದಾಳೆ. ಕೇಳಲಿಲ್ಲ. ಇವರ ತಲೆಯಲ್ಲಿ ಗೋಳಗುಮ್ಮಟ ಕೂತಿತ್ತು.

ವಿಜಯಪುರದ ಫಿಜಿಕ್ಸ್ ಮೇಷ್ಟ್ರಿಗೆ ಬೇರೆ ಏನು ಹೊಳೆದೀತು ಹೇಳಿ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಗುಮ್ಮಟದ ಆ ತುದಿಯಲ್ಲಿ ಗೋಡೆಗೆ ಕಿವಿ ಹಚ್ಚಿದವರಿಗೆ ಕೇಳುತ್ತದೆ. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ದನಿ ನಡುವಿನಿಂದ ಹಾರಿ ಹೋಗೋದಿಲ್ಲ, ಬಾಗಿದ ಗೋಡೆಗೆ ಅಂಟಿಕೊಂಡೇ ಸುತ್ತಿ ಹೋಗುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲೂ ಹೀಗೇ, ಅದನ್ನು ವಿವರಿಸಿದವರು ಲಾರ್ಡ್ ರ‍್ಯಾಲೇ, ನಮ್ಮ ಸಿ.ವಿ. ರಾಮನ್ ಕೂಡ ಇಂಥ ಗ್ಯಾಲರಿಗಳ ಮೇಲೆ ಬರೆದಿದ್ದಾರೆ. ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಆ ಮಿನಾರದ ಇಕ್ಕಟ್ಟಿನ ಮೆಟ್ಟಿಲು ಏಳು ಅಂತಸ್ತು ಹತ್ತುವಾಗ ಇವರು ಏದುಸಿರು ಬಿಡುತ್ತಾ ಹೇಳುತ್ತಲೇ ಇದ್ದರು. ನನಗೆ ಆಗಲೇ ಅನುಮಾನ. ಗಾಬರಿಯಾದಾಗ ಪಾಠ ಮಾಡೋದು ಇವರ ಚಾಳಿ.

ಡಿಸೆಂಬರ್, ಭಾನುವಾರ, ಬೆಳಿಗ್ಗೆ ಏಳು ಗಂಟೆಯೂ ಆಗಿರಲಿಲ್ಲ. ಆ ಹೊತ್ತಿಗೆ ಯಾರೂ ಇರಲ್ಲ ಅನ್ನೋದು ಇವರ ಲೆಕ್ಕ. ಡಿಸೆಂಬರ್ ಶಾಲೆ ಪ್ರವಾಸದ ತಿಂಗಳು ಅನ್ನೋದು ಆ ಲೆಕ್ಕದಲ್ಲಿ ಸೇರಿರಲಿಲ್ಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದ ಮಕ್ಕಳು ಎರಡು ಗಾಡಿ ತುಂಬ ನಮ್ಮ ಹಿಂದೆಯೇ ಹತ್ತಿ ಬಂದರು.

ನಾನು ಈ ಕಡೆ ಗೋಡೆಗೆ ಕಿವಿಯಿಟ್ಟು ನಿಂತೆ. ಕಲ್ಲು ತಣ್ಣಗಿತ್ತು. ಅಷ್ಟು ದೂರದಲ್ಲಿ ಇವರು ಗೋಡೆಯ ಕಡೆ ತಿರುಗಿದ್ದು ಕಂಡಿತು. ಅದೇ ಹೊತ್ತಿಗೆ ಯಾವನೋ ಹುಡುಗ ಒದರಿದ. "ಲೇ ಮಂಜ್ಯಾ, ನನ್ನ ಡಬ್ಬಿ ಎಲ್ಲೈತಲೇ?" ಗೋಳಗುಮ್ಮಟ ಒಂದು ಮಾತನ್ನ ಏಳು ಸಲ ಹೇಳುತ್ತದೆ ಅಂತಾರೆ. ನಾನು ಎಣಿಸಲಿಲ್ಲ, ಆದರೆ ಡಬ್ಬಿ ಬಹಳ ಹೊತ್ತು ಸುತ್ತಾಡಿತು. ಅದನ್ನು ಕೇಳಿ ಉಳಿದ ಎಂಬತ್ತು ಮಕ್ಕಳಿಗೂ ಹುರುಪು ಬಂತು. 1656ರಿಂದ ಅಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನಿಗೂ ಎಚ್ಚರವಾಗಿರಬೇಕು.

ನಾನು ಗೋಡೆಗೆ ಬಾಯಿಟ್ಟು ಕೇಳಿದೆ. "ಏನ್ರೀ, ಡಬ್ಬಿ ತಂದೀರೇನು?"

ಸ್ವಲ್ಪ ಹೊತ್ತಿಗೆ ಇವರು ಸುತ್ತು ಹಾಕಿಕೊಂಡು ಬಂದರು. ಮುಖ ಸಣ್ಣದಾಗಿತ್ತು. "ಏನಿಲ್ರಿ. ಹಸಿವಾಗೈತೇನು ಅಂತ ಕೇಳ್ದೆ." ಕೆಳಗಿಳಿದು ಸುಸಲಾ, ಮಿರ್ಚಿ ತಿಂದೆವು. ಇವರು ಎರಡು ಪ್ಲೇಟ್ ತಿಂದರು, ಸಿಟ್ಟಿಗೋ ಏನೋ.

ಆವತ್ತು ಗೋಡೆಗೆ ಹೇಳಿದ್ದೇನು ಅಂತ ಬಾಯಿ ಬಿಡಿಸಲು ನನಗೆ ಮದುವೆಯಾಗಿ ಒಂದು ವರ್ಷ ಹಿಡಿಯಿತು. "ತಾವು ನನ್ನನ್ನು ವಿವಾಹವಾಗುವಿರಾ?" ವಿವಾಹವಾಗುವಿರಾ! ನಮ್ಮ ಮಾತಿನಲ್ಲಿ ಹೇಳಿದರೆ ಸಕ್ಕರೆ ಕೇಳಿದ ಹಾಗಾಗುತ್ತದೆ ಅಂತ ಕನ್ನಡಿ ಮುಂದೆ ನಿಂತು ಒಂದು ವಾರ ಇದನ್ನೇ ಉರು ಹೊಡೆದಿದ್ದರಂತೆ. ಕೇಳಿಸಿದ್ದರೆ ನಾನು ಅಲ್ಲೇ ಬಿದ್ದು ಬಿದ್ದು ನಗುತ್ತಿದ್ದೆ. ಅದು ಏಳು ಸಲ ಕೇಳುತ್ತಿತ್ತು. ಮಂಜ್ಯಾನ ಗೆಳೆಯನಿಗೆ ಒಳ್ಳೇದಾಗಲಿ.

ಸೋತ ಮಗ ಊರಿಗೆ ಹೋಗಿ ತಾಯಿಗೆ ಎಲ್ಲ ಹೇಳಿದರಂತೆ. ಅವರು ಮಗ್ಗದ ಮೇಲಿಂದ ಕಣ್ಣು ತೆಗೆಯದೆ "ಕಲ್ಲಿಗೆ ಯಾಕ ಹೇಳಾಕ ಹೋದ್ಯೋ" ಅಂದರಂತೆ.

2019ರ ಫೆಬ್ರವರಿ, ಶನಿವಾರ ಸಂಜೆಯ ಬಸ್ಸು. ಕೊಲ್ಹಾರ ದಾಟಿ ಸೇತುವೆಯ ಮೇಲೆ ಬಂದಿದ್ದೆವು. ಎರಡೂ ಕಡೆ ಕೃಷ್ಣೆಯ ನೀರು, ಸೂರ್ಯ ಮುಳುಗೋಕೆ ಬಂದಿದ್ದ. ನನ್ನ ತೊಡೆಯ ಮೇಲೆ ಮೊಸರಿನ ಗಡಿಗೆ. ಇವರು ಗಡಿಗೆಯನ್ನೇ ನೋಡುತ್ತಾ ಹೇಳಿದರು.

"ಅವ್ವ ಹೊಸಾ ಹಾಸು ಹಾಕಾಕತ್ಯಾಳ್ರಿ. ಮೈ ಬಣ್ಣ ಯಾವುದು ಹಾಕ್ಲಿ ಅಂತ ನಿಮ್ಮನ್ನ ಕೇಳಂದ್ಲು."

"ನನ್ನ ಯಾಕ? ಯಾರಿಗ್ರೀ ಸೀರಿ?"

"ಅದನ್ನ ಬಣ್ಣ ಹೇಳಿದ್ಮ್ಯಾಲೆ ಹೇಳು ಅಂದಾಳ."

ಮೊದಲು ಇದೇನು ಒಗಟು ಅನಿಸಿತು. ಕೊರ್ತಿ ಬಂತು, ಹೋಯಿತು. ಹಸಿರು ಅಂತ ಹೇಳಬಹುದು. ನನಗೆ ಹಸಿರು ಸೇರುತ್ತದೆ. ಹಸಿರು ಅಂದರೆ ಹಸಿರು ಸೀರೆ ಬರುತ್ತದೆ, ಯಾವುದೋ ಹಬ್ಬಕ್ಕೆ ಉಡುಗೊರೆ, ಅಷ್ಟೇ. ಯಾರ ಮುಖವೂ ಸಣ್ಣದಾಗೋದಿಲ್ಲ. ಮುಂದಿನ ಶನಿವಾರ ಮತ್ತೆ ಇದೇ ಬಸ್ಸು, ಇದೇ ಮಾತು. ನೀಲಿ ಅಂದರೂ ಹಾಗೇ. ಒಂದೇ ಒಂದು ಬಣ್ಣ ಹೇಳಿದರೆ ಮಾತ್ರ ಸೀರೆ ಯಾರಿಗೆ ಅಂತ ಕೇಳಬೇಕಾಗಿಲ್ಲ.

ಅದು ಅರ್ಥವಾಗುವ ಹೊತ್ತಿಗೆ ಬೀಳಗಿ ಕ್ರಾಸ್ ಬಂದಿತ್ತು. ನಾನು ಇವರ ಕಡೆ ನೋಡಿದೆ. ಇವರು ಮುಂದಿನ ಸೀಟಿನ ಕಬ್ಬಿಣದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಗುಂಡಿ ಇರಲಿಲ್ಲ, ರಸ್ತೆ ಚೆನ್ನಾಗಿಯೇ ಇತ್ತು. ಪಾಠ ಮಾಡುತ್ತಿರಲಿಲ್ಲ. ಅಷ್ಟು ಗಾಬರಿ ಅಂತ ಆಗ ಗೊತ್ತಾಯಿತು.

ಅನಗವಾಡಿ ಸೇತುವೆ. ಕೆಳಗೆ ಘಟಪ್ರಭಾ. ಇದೇ ಹಿನ್ನೀರು ಮುಂದೆ ಹೋಗಿ ನಮ್ಮ ಓಣಿಯ ಮೇಲೆ ನಿಂತಿರುವುದು.

"ಗಿರಿ ಕುಂಕುಮ" ಅಂದೆ.

ಬಸ್ಸಿನ ಸಪ್ಪಳದಲ್ಲಿ ಕೇಳಿಸಲಿಲ್ಲವೋ, ಕೇಳಿಸಿಯೂ ನಂಬಲಿಲ್ಲವೋ. "ಏನಂದಿ?" ಅಂದರು.

ಒಂದೂವರೆ ವರ್ಷದಲ್ಲಿ ಮೊದಲ ಸಲ ಇವರ ಮಾತಿನಿಂದ "ರೀ" ಬಿದ್ದುಹೋಗಿತ್ತು. ಇವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

"ಗಿರಿ ಕುಂಕುಮ. ಕೊಂಡಿ ಇರಬೇಕು ಮತ್ತ. ಇಲ್ಲಂದ್ರ ನಾ ಉಡಂಗಿಲ್ಲ."

ಇವರು ಅಲ್ಲೇ ಫೋನ್ ತೆಗೆದರು. ನೆಟ್‌ವರ್ಕ್ ಇರಲಿಲ್ಲ. ಗದ್ದನಕೇರಿ ಹತ್ತಿರ ಬಂದಾಗ ಸಿಕ್ಕಿತು, ಸಿಕ್ಕ ಕೂಡಲೇ ಇಡೀ ಬಸ್ಸಿಗೆ ಕೇಳುವ ಹಾಗೆ ಒದರಿದರು. "ಅವ್ವಾ, ಗಿರಿ ಕುಂಕುಮ! ಹೂಂ, ಗಿರಿ ಕುಂಕುಮ ಅಂತ!" ಮುಂದೆ ಕೂತಿದ್ದ ಹೆಂಗಸೊಬ್ಬರು ತಿರುಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ನಕ್ಕರು. ಇಳಕಲ್ ಸೀರೆ ಉಟ್ಟಿದ್ದರು, ಅವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಕಂಡಕ್ಟರ್ ಮಾತ್ರ, ಅದೇ ಹಳೇ ಕಂಡಕ್ಟರ್, "ಏನಾತ್ರಿ ಸರ, ಅಂಗಡಿ ಏನರ ಹಾಕಾಕತ್ತೀರೇನು?" ಅಂದರು.

ಆಮೇಲೆ ಎರಡೂ ಮನೆಯವರು ಒಪ್ಪಿದ್ದು ಬೇರೆ ಕಥೆ. ಅದರಲ್ಲಿ ಮೂರು ತಿಂಗಳು, ಒಬ್ಬ ಸೋದರಮಾವ ಮತ್ತು ಬಹಳಷ್ಟು ಚಹಾ ಇವೆ. ಆ ಸೋದರಮಾವ ಈ ಬರಹ ಓದುತ್ತಾರೆ, ಅದಕ್ಕೇ ಇಷ್ಟಕ್ಕೆ ಬಿಡುತ್ತೇನೆ. ಶಾಸ್ತ್ರದ ಪ್ರಕಾರ ಅವರು ಕನ್ಯಾ ನೋಡೋಕೂ ಬಂದರು. ನಾನು ಅವಲಕ್ಕಿ ತಟ್ಟೆ ಹಿಡಿದು ತಲೆ ತಗ್ಗಿಸಿ ಬಂದೆ. ಬೀಗರಾಗೋರ ಜೊತೆ ಬಂದಿದ್ದ ಹಿರಿಯರೊಬ್ಬರು "ಹುಡುಗನ್ನ ನೋಡೀಯೇನವ್ವಾ?" ಅಂತ ಕೇಳಿದಾಗ ತಮ್ಮ ನಗು ತಡೆಯಲಾರದೆ ಹೊರಗೆ ಓಡಿದ.

ಹಾಸು ಆಗಿ, ಕೊಂಡಿ ಹಾಕುವ ದಿನ ನನ್ನನ್ನೂ ಇಳಕಲ್ಲಿಗೆ ಕರೆದಿದ್ದರು. ನಿಡಗುಂದಿ ಮೇಲೆಯೇ ಹೋದೆ. ಅತ್ತೆ, ಆಗಿನ್ನೂ ಅತ್ತೆ ಆಗಿರಲಿಲ್ಲ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದರು. ಮೈಯ ಕೆಂಪು ಎಳೆ, ಸೆರಗಿನ ರೇಷ್ಮೆ ಎಳೆ, ಒಂದು ಕುಣಿಕೆ, ಅದರೊಳಗೆ ಇನ್ನೊಂದು. ಅವರ ಬೆರಳು ಎಷ್ಟು ಜೋರಾಗಿ ಓಡುತ್ತಿತ್ತೆಂದರೆ ನನಗೆ ಕೆಲಸವೇ ಕಾಣಿಸಲಿಲ್ಲ, ಮುಗಿದ ಸಾಲು ಮಾತ್ರ ಕಂಡಿತು. ಅವರು ನೂರಾರು ಹಾಕುವಷ್ಟರಲ್ಲಿ ನಾನು ಮೂವತ್ತು ಹಾಕಿದೆ. ಅದರಲ್ಲಿ ಎಂಟೊಂಬತ್ತು ಸಡಿಲ.

"ಬಿಚ್ಚಲೇನ್ರಿ?" ಅಂತ ಕೇಳಿದೆ.

"ಬ್ಯಾಡ. ಹೆಗಲ ಹಿಂದ ಹೋಗ್ತಾವ, ಯಾರಿಗೂ ಕಾಣಂಗಿಲ್ಲ" ಅಂದರು.

ಈಗಲೂ ಆ ಸೀರೆ ಉಟ್ಟ ದಿನ ಅತ್ತೆ ಹಿಂದಿನಿಂದ ಬಂದು ಹೆಗಲ ಹತ್ತಿರ ಬೆರಳು ಆಡಿಸುತ್ತಾರೆ. ಕಣ್ಣು ಮಂಜಾಗಿದೆ, ಬೆರಳಿಗೇ ಗೊತ್ತಾಗುತ್ತದೆ. "ಇಲ್ಲಿಂದ ಇಲ್ಲಿತನಕ ನಿನ್ನವು" ಅನ್ನುತ್ತಾರೆ.